ಹೊನ್ನಿಯ ನಮಸ್ಕಾರ

ನನ್ನ ದಿನಚರಿಯಲ್ಲಿ ೨೦೨೧ರ ಆಗಸ್ಟ್ ೧೧, ಬುಧವಾರದ ಪುಟದಲ್ಲಿ ಹೀಗಿದೆ: "ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು. ಮೈಯ ಕಾವಲಿನ ಕಣಗಳು ಅದರ ಪಕ್ಕದಲ್ಲೇ ಇದ್ದೂ ಸುಮ್ಮನಿವೆಯಂತೆ. ಅವನ್ನು ಎಬ್ಬಿಸುವ ಔಷಧಿ ಕೊಡುತ್ತಾರಂತೆ." ಬಿ.ಎಸ್ಸಿ. ಓದಿದ ನನಗೆ ಅರ್ಥವಾಯಿತು. ಮೊಮ್ಮಕ್ಕಳಿಗೆ ಆಗಲಿಲ್ಲ. "ಕಾವಲಿನವರು ಯಾಕಜ್ಜಿ ಸುಮ್ಮನಿದ್ದರು?" ಎಂದರು. ಅಂದು ಹೇಳಿದ ಕತೆ ಇದು. ಮಕ್ಕಳೇ, ನೀವೂ ಕೇಳಿ.

ಕೆರೆಯಂಚಿನ ಹುಣಸೆಮರದ ಪೊಟರೆಯಲ್ಲಿ ಒಂದು ಜೇನುಗೂಡಿತ್ತು. ಕೆಂಚಕ್ಕ ಅಲ್ಲಿಯ ಕಾವಲಿನ ಹಿರಿಯಳು. ಕಣಜ ಬಂದರೆ ಕುಟುಕುವಳು, ಇರುವೆ ಬಂದರೆ ಅಟ್ಟುವಳು. ಆದರೆ ಆ ಗೂಡಿಗೊಂದು ಕಟ್ಟಳೆ: ಮೊದಲು ಮೀಸೆಗೆ ಮೀಸೆ ತಾಗಿಸಿ ಮೂಸಬೇಕು, ಗೂಡಿನ ವಾಸನೆ ಇದ್ದರೆ ಕೊಂಡಿ ಎತ್ತಬಾರದು. "ನಮ್ಮದು ಮರ್ಯಾದಸ್ಥರ ಗೂಡು" ಎಂದು ಕೆಂಚಕ್ಕನಿಗೆ ಭಾರಿ ಹೆಮ್ಮೆ.

ಅಲ್ಲೇ ಹುಟ್ಟಿ ಬೆಳೆದ ಹೊನ್ನಿ ಒಂದು ದಿನ ಕೆಲಸ ಬಿಟ್ಟಳು. ತಿಂದಳು, ಉಬ್ಬಿದಳು, ರಾಣಿಯ ಮರಿಗಳ ಕೋಣೆಯಲ್ಲಿ ತನ್ನ ಮೊಟ್ಟೆ ಇಡತೊಡಗಿದಳು.

ಕೆಂಚಕ್ಕ ಓಡಿ ಬಂದಳು. "ಏನೇ ಇದು, ರಾಣಿಯಮ್ಮನ ಕೋಣೇಲಿ?"

ಹೊನ್ನಿ ಮೀಸೆ ಚಾಚಿದಳು. "ನಮಸ್ಕಾರ ಅಕ್ಕಾ! ನಾನು ನಿಮ್ಮ ಹೊನ್ನಿ ಅಲ್ವಾ? ಮೂಸಿ ನೋಡಿ."

ಗೂಡಿನದೇ ವಾಸನೆ. ಕೊಂಡಿ ಒಳಗೆ ಹೋಯಿತು. "ಮನೆ ಹುಡುಗಿ. ಸ್ವಲ್ಪ ದಪ್ಪಗಾಗಿದ್ದಾಳೆ, ಅಷ್ಟೇ."

ನೆರೆಯವರೂ ಬಲು ಒಳ್ಳೆಯವರು. ಮೇಣ ಕಟ್ಟುವವರು "ಪಾಪ, ಗಾಳಿ ಹೊಡೆಯುತ್ತೆ" ಎಂದು ಹೊನ್ನಿಯ ಸುತ್ತ ದಪ್ಪ ಗೋಡೆ ಎಬ್ಬಿಸಿದರು. ತುಪ್ಪ ಹೊರುವವರು ಅವಳ ಕೋಣೆಗೇ ಹೊಸ ದಾರಿ ಮಾಡಿದರು. ಇಬ್ಬರು ಕಾವಲಿನವರಂತೂ ಅವಳ ಬಾಗಿಲಲ್ಲೇ ನಿಂತು, ಬಂದ ಉಳಿದ ಕಾವಲಿನವರಿಗೆ "ಶ್! ಮಲಗಿದ್ದಾಳೆ" ಎನ್ನತೊಡಗಿದರು. ಇತ್ತ ರಾಣಿಯ ಮರಿಗಳು ಹಸಿವಿನಿಂದ ಸಾಯತೊಡಗಿದವು.

ರೆಕ್ಕೆ ಹರಿದ ಮುದುಕಿ ನಾಗಜ್ಜಿ ಬೇವಿನ ಅಂಟು ತಂದಳು. "ಬಾರೇ ಕೆಂಚಿ, ಮೀಸೆಗೆ ಹಚ್ಚುತ್ತೀನಿ. ನಿನ್ನ ಕೊಂಡಿ ಚೂಪಾಗೇ ಇದೆ, ಮೀಸೆ ಮಾತ್ರ ಅವಳ ಕೈಲಿದೆ."

"ಅಯ್ಯೋ ಅಜ್ಜಿ, ಮೂಸದೆ ಕುಟುಕೋದು ಮರ್ಯಾದೆಯೇ?"

"ಮರಿಯೆಲ್ಲ ಸತ್ತ ಮೇಲೆ ಯಾರಿಗೆ ತೋರಿಸ್ತೀಯೇ ಆ ಮರ್ಯಾದೆ?"

ಕಾವಲಿನವರೆಲ್ಲ ಅಂಟು ಹಚ್ಚಿಕೊಂಡು ಹೊರಟರು. "ನಮಸ್ಕಾರ ಅಕ್ಕಾ!" ಎಂದಳು ಹೊನ್ನಿ. ಕೆಂಚಕ್ಕನಿಗೆ ಏನೂ ವಾಸನೆ ಬರಲಿಲ್ಲ. ಆಗ ಮೊದಲ ಬಾರಿಗೆ ಕಣ್ಣು ಬಿಟ್ಟು ನೋಡಿದಳು. "ಕಾಲಲ್ಲಿ ಹೂವಿನ ಪುಡಿ ಇಲ್ಲ, ರೆಕ್ಕೆ ಒಂದಿಷ್ಟೂ ಸವೆದಿಲ್ಲ. ದುಡಿದವಳಲ್ಲ ಇವಳು!"

ಹೊನ್ನಿ ಇನ್ನೊಂದು ನಮಸ್ಕಾರ ಶುರು ಮಾಡಿದಳು. ಮುಗಿಸಲಿಲ್ಲ.

ಆದರೆ ಮರಿಗಳಿಗೆ ಉಣಿಸುವ ದಾದಿಯರ ಕಾಲಲ್ಲೂ ಹೂವಿನ ಪುಡಿ ಇರುವುದಿಲ್ಲ, ರೆಕ್ಕೆಯೂ ಸವೆದಿರುವುದಿಲ್ಲ. ಎಚ್ಚೆತ್ತ ಕಾವಲಿನವರು ಅವರನ್ನೂ ಬಿಡಲಿಲ್ಲ. ನಾಗಜ್ಜಿ ಓಡಾಡಿ ಒಬ್ಬೊಬ್ಬರ ಮೀಸೆಯ ಅಂಟು ಕೆರೆದ ಮೇಲೆ ಗಲಾಟೆ ನಿಂತಿತು.

ಗೂಡು ಉಳಿಯಿತು. ಕಳೆದುಕೊಂಡದ್ದು: ಹೊನ್ನಿಯ ಮೊಟ್ಟೆಗಳ ಸಮೇತ ಕಿತ್ತೆಸೆದ ಒಂದು ಕೋಣೆ, ಹತ್ತೊಂಬತ್ತು ದಾದಿಯರು.

ನಾನೂ ಉಳಿದೆ. ಕಳೆದುಕೊಂಡದ್ದು: ಎಡ ಸ್ತನ, ಜೊತೆಗೆ ಥೈರಾಯ್ಡ್ ಗ್ರಂಥಿ. ಔಷಧಿಯಿಂದ ಎದ್ದ ನನ್ನ ಮೈಯ ಕಾವಲಿನವರು ಅದನ್ನೂ ಕುಟುಕಿದರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಇರುವಷ್ಟು ದಿನ.

ನೀತಿ: ನಮ್ಮವರೆಂದು ನೋಡದೆ ಬಿಟ್ಟ ಕೇಡು ಮನೆಯನ್ನೇ ತಿನ್ನುತ್ತದೆ, ತಡವಾಗಿ ಎದ್ದ ಕಾವಲು ನಮ್ಮವರನ್ನೂ ಕುಟುಕುತ್ತದೆ.