ಗಟ್ಟಿ ಆಯಿಲ್ ಹಾಕಿಸಿದ ವ್ಯಾಪಾರಿ

ಪರ್ವತಯ್ಯ ಎಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಸ್ವಾಮಿ, ನನ್ನ ಮಗಳಿಗೆ ನಾನು ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಊರೇ ಮೆಚ್ಚುವ ಮನೆತನ ಹುಡುಕಿ ಮದುವೆ ಮಾಡಿಕೊಟ್ಟೆ. ಈಗ ಅವಳು ತವರಿಗೆ ಕಾಲಿಡುವುದನ್ನೇ ಬಿಟ್ಟಿದ್ದಾಳೆ. ಒಳ್ಳೆಯದನ್ನೇ ಕೊಟ್ಟವನಿಗೆ ಇಂಥ ಫಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಹುಣಸೆಹಣ್ಣಿನ ವ್ಯಾಪಾರ ಮಾಡಿ, ಲಾರಿಗಳನ್ನು ಓಡಿಸಿ ಮೇಲೆ ಬಂದವನು. ಹೆಂಡತಿ ಬಸ್ಸಿನಲ್ಲಿ ನಿಂತು ಓಡಾಡಿದ್ದು ಸಾಕೆಂದು ಒಂದು ಹೊಸ ಕಾರು ಕೊಂಡ. ಆ ಕಾರೆಂದರೆ ಅವನಿಗೆ ಪ್ರಾಣ. ಅದರ ಮೇಲೆ ಧೂಳು ಕೂರಲು ಬಿಡುತ್ತಿರಲಿಲ್ಲ.

ಮೊದಲ ಸಲ ಆಯಿಲ್ ಬದಲಿಸುವ ದಿನ ಬಂತು. ವ್ಯಾಪಾರಿ ಅಂಗಡಿಗೆ ಹೋಗಿ, ಇದ್ದುದರಲ್ಲೆಲ್ಲ ದುಬಾರಿಯಾದ ಗಟ್ಟಿ ಸಿಂಥೆಟಿಕ್ ಆಯಿಲ್ ತೆಗೆಸಿದ. ಜೊತೆಗೆ ಬಂದಿದ್ದ ಹೆಂಡತಿ ತಡೆದಳು.

"ಈ ಎಂಜಿನ್ನಿಗೆ ತೆಳು ಆಯಿಲನ್ನೇ ಹಾಕಬೇಕು, ಗಟ್ಟಿಯದು ಆಗದು ಎಂದು ಕಾರು ಕೊಡುವಾಗಲೇ ಹೇಳಿದ್ದರಲ್ಲ, ಮರೆತಿರಾ?"

"ಮರೆತಿಲ್ಲ. ನೀರಿನಂಥ ಆಯಿಲ್ ಹಾಕುವುದಕ್ಕೆ ಇದೇನು ಬಾಡಿಗೆ ಗಾಡಿಯೇ? ನನ್ನ ಲಾರಿಗಳು ಗಟ್ಟಿ ಆಯಿಲ್ ಕುಡಿದೇ ಘಾಟಿ ಹತ್ತಿದವು. ನನ್ನ ಕಾರಿಗೆ ಕಡಿಮೆಯದನ್ನು ನಾನು ಹಾಕಿಸುವುದಿಲ್ಲ."

ಲಾರಿಯ ಎಂಜಿನ್ ಬೇರೆ, ಕಾರಿನದು ಬೇರೆ. ಹೊಸ ಎಂಜಿನ್ನಿನ ಸಂದುಗಳು ಕೂದಲೆಳೆಗಿಂತ ಕಿರಿದು. ಬೆಳಗಿನ ಥಂಡಿಯಲ್ಲಿ ಆ ಗಟ್ಟಿ ಆಯಿಲ್ ಅಲ್ಲಿಗೆ ತಲುಪುವಷ್ಟರಲ್ಲಿ ಲೋಹವನ್ನು ಲೋಹ ತಿನ್ನುತ್ತಿತ್ತು. ಚಳಿಗಾಲ ಬಂದಾಗ ಎಂಜಿನ್ ಕಟಕಟ ಎನ್ನತೊಡಗಿತು. ವ್ಯಾಪಾರಿ ಇನ್ನೂ ಗಟ್ಟಿಯದನ್ನು ಹಾಕಿಸಿದ. ಸದ್ದು ಅಡಗಿತು. ನೋಡಿದೆಯಾ ಎಂದು ಹೆಂಡತಿಯ ಮುಂದೆ ಬೀಗಿದ.

ಒಂದು ದಿನ ಮುಂಜಾನೆ ಹೆಂಡತಿಯ ತವರಿನಿಂದ ಫೋನು ಬಂತು. ಆಕೆಯ ತಾಯಿಗೆ ಮೇಲುಸಿರು ಹತ್ತಿತ್ತು. ಮಗಳ ಹೆಸರನ್ನೇ ಕರೆಯುತ್ತಿದ್ದರು. ಬಾಗಿಲಲ್ಲೇ ಕಾರಿರುವಾಗ ಯಾಕೆ ಹೆದರುತ್ತೀ ಎಂದು ವ್ಯಾಪಾರಿ ಅವಳನ್ನು ಕೂರಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಎಂಜಿನ್ ಒಮ್ಮೆ ಕಿರುಚಿ, ಬಿಗಿದುಕೊಂಡು ನಿಂತಿತು. ಬೇರೊಂದು ವಾಹನ ಸಿಗುವ ಹೊತ್ತಿಗೆ ಬಿಸಿಲೇರಿತ್ತು. ಅವರು ತಲುಪಿದಾಗ ತಾಯಿಯ ಕಣ್ಣು ಮುಚ್ಚಿಸಿ ಅಂಗಳದಲ್ಲಿ ಮಲಗಿಸಿದ್ದರು.

ತಡವೇಕಾಯಿತೆಂದು ಕೇಳಿದ ನೆಂಟರಿಗೆಲ್ಲ ವ್ಯಾಪಾರಿ ಒಂದೇ ಮಾತು ಹೇಳಿದ: "ಎಲ್ಲಕ್ಕಿಂತ ಒಳ್ಳೆಯ ಆಯಿಲ್ ಹಾಕಿಸಿದ್ದೆ. ಕಾರೇ ಸರಿಯಿಲ್ಲ."

ಹೆಂಡತಿ ಕೇಳಿಸಿಕೊಂಡಳು. ಅಂದಿನಿಂದ ಆಕೆ ಅವನಿಗೆ ಯಾವುದನ್ನೂ ಬೇಡವೆನ್ನಲಿಲ್ಲ, ಬೇಕೆಂದೂ ಕೇಳಲಿಲ್ಲ. ಅವನು ತಂದ ಸೀರೆಯನ್ನು ಉಟ್ಟಳು, ಅವನು ಹೇಳಿದ ಅಡಿಗೆಯನ್ನು ಮಾಡಿದಳು. ತನ್ನ ಮನೆಯಲ್ಲಿ ಒಂದು ಎದುರು ಮಾತಿಲ್ಲ, ಒಂದು ಜಗಳವಿಲ್ಲ ಎಂದು ವ್ಯಾಪಾರಿ ಸಾಯುವವರೆಗೂ ಊರವರ ಮುಂದೆ ಹೆಮ್ಮೆಪಟ್ಟುಕೊಂಡ.

ಕತೆ ಮುಗಿಯಿತು. "ಆದರೂ ಅವನು ಬಯಸಿದ್ದು ಒಳ್ಳೆಯದನ್ನೇ ಅಲ್ಲವೇ, ಸ್ವಾಮಿ?" ಎಂದ ಪರ್ವತಯ್ಯ.

ಗುರುಗಳು ಕೇಳಿದರು: "ಮದುವೆಗೆ ಮುಂಚೆ ನಿನ್ನ ಮಗಳು ನಿನ್ನ ಬಳಿ ಬಂದು ಏನು ಹೇಳಿದ್ದಳು, ಪರ್ವತಯ್ಯ?"