ಗೀಟು ಹಾಕಿದ ಮೇಲೆ ಉಳಿದ ಸಾಲುಗಳು

ಕಪಿಲಾ ನದಿಯ ದಂಡೆಯಲ್ಲಿ ಒಂದು ಸಣ್ಣ ಕ್ರೈಸ್ತ ಆಶ್ರಮವಿತ್ತು. ಇನ್ನಾಸಪ್ಪ ಸ್ವಾಮಿಗಳು ಅಲ್ಲಿಯ ಗುರುಗಳು. ಅವರ ಬಳಿ ಏಳು ಮಂದಿ ಶಿಷ್ಯರಿದ್ದರು. ಅವರಲ್ಲಿ ಕಿರಿಯವನು ಚೌರಪ್ಪ.

ಮೂರು ವರ್ಷ ಕಲಿತವನಿಗೆ ಸಂನ್ಯಾಸದ ವ್ರತ ಕೊಡುವುದು ಅಲ್ಲಿಯ ಪದ್ಧತಿ. ಆ ದಿನ ತಂದೆಯೋ ತಾಯಿಯೋ ಬಂದು, ಮಗನ ಬಲಗೈಯನ್ನು ಗುರುವಿನ ಅಂಗೈಯಲ್ಲಿಟ್ಟು, "ಯೇಸುಸ್ವಾಮಿಗೆ ಕೊಟ್ಟೆ" ಎನ್ನಬೇಕು. ಹೆತ್ತವರು ಬದುಕಿದ್ದೂ ಬಾರದಿದ್ದರೆ ವ್ರತವಿಲ್ಲ. ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ. ಇರಬೇಕಾಗಿಯೂ ಇಲ್ಲ.

ಚೌರಪ್ಪನ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಂದೆ ರಾಯಪ್ಪ ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಕ್ರಯಪತ್ರ, ದಾನಪತ್ರ ಬರೆಯುತ್ತಿದ್ದವರು. ಹೆಂಡತಿಯನ್ನು ಮಣ್ಣು ಮಾಡಿದ ದಿನದಿಂದ ಅವರು ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ.

ವ್ರತಕ್ಕೆ ಒಂದು ತಿಂಗಳಿರುವಾಗ ಚೌರಪ್ಪ ಗುರುಗಳ ಬಳಿ ಬಂದ.

"ಸ್ವಾಮಿ, ಅಪ್ಪನಿಂದ ಕಾಗದ ಬಂದಿದೆ."

"ಓದು."

ಚೌರಪ್ಪ ಓದಿದ. "ನಲವತ್ತು ವರ್ಷ ಊರವರ ಪತ್ರ ಬರೆದವನು ನಾನು. ನನ್ನ ಒಬ್ಬನೇ ಮಗನನ್ನು ಬರೆದುಕೊಡುವ ಮೊದಲು, ಬರೆಸಿಕೊಳ್ಳುವವನು ನಿಜವಾಗಿ ಇದ್ದನೇ ಎಂದು ಕೇಳುವ ಹಕ್ಕು ನನಗಿದೆ. ಭಕ್ತರು ಬರೆದದ್ದು ಬೇಡ. ಹೊರಗಿನವನ ಸಾಕ್ಷಿ ತೋರಿಸು. ಒಪ್ಪಿಗೆಯಾದರೆ ಕೈ ಹಿಡಿದು ಕೊಡುತ್ತೇನೆ. ಇಲ್ಲದಿದ್ದರೆ ನಿನ್ನನ್ನು ಊರಿಗೆ ಕರೆದುಕೊಂಡು ಬರುತ್ತೇನೆ."

ಗುರುಗಳ ಮುಖ ಅರಳಿತು. "ದೇವರಿಗೆ ವಂದನೆ. ಇಲ್ಲಿ ಯಾರೂ ಈ ಪ್ರಶ್ನೆ ಕೇಳದೆ ಬಹಳ ವರ್ಷವಾಗಿತ್ತು."

"ಇದು ನಾಸ್ತಿಕರ ಪ್ರಶ್ನೆಯಲ್ಲವೇ, ಸ್ವಾಮಿ?"

"ಮಗನನ್ನು ಕೊಡಬೇಕಾದವರ ಪ್ರಶ್ನೆ."

"ನೀವೇ ಉತ್ತರ ಬರೆದರೆ ಅಪ್ಪ ಒಪ್ಪಿಯಾರು."

"ನಾನು ಹೊರಗಿನವನೇ? ಮೇಲಾಗಿ, ಅವರು ಕೇಳಿದ್ದು ನಿನ್ನನ್ನು."

ಚೌರಪ್ಪ ಆಶ್ರಮದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದ. ಎರಡು ವಾರ ಓದಿದ. ಇಬ್ಬರು ಸಾಕ್ಷಿಗಳು ಸಿಕ್ಕಿದರು.

ಒಬ್ಬ ರೋಮಿನ ಇತಿಹಾಸಕಾರ. ರಾಜ್ಯಪಾಲ ಪಿಲಾತನ ಆಡಳಿತದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಅವನು ಬರೆದಿದ್ದ. ಜೊತೆಗೆ, ಕ್ರೈಸ್ತರದು ಕೆಟ್ಟ ಮೂಢನಂಬಿಕೆ ಎಂದು ಬೈದಿದ್ದ. ಚೌರಪ್ಪನಿಗೆ ಮೈಯೆಲ್ಲ ಉರಿಯಿತು. ಆ ಪುಸ್ತಕವನ್ನು ಮುಚ್ಚಿ ಮೇಲಿಟ್ಟ.

ಇನ್ನೊಬ್ಬ ಯೆಹೂದ್ಯ ಇತಿಹಾಸಕಾರ. ಅವನ ಗ್ರಂಥದಲ್ಲಿ ಯೇಸುವಿನ ಬಗ್ಗೆ ಕೆಲವು ಸಾಲುಗಳಿದ್ದವು. ಯೇಸುವನ್ನು ಬರೀ ಮನುಷ್ಯನೆಂದು ಕರೆಯಬಹುದೋ ಇಲ್ಲವೋ ಎಂಬ ಮಾತಿತ್ತು. ಅವನೇ ಕ್ರಿಸ್ತನೆಂದಿತ್ತು. ಮೂರನೆಯ ದಿನ ಜೀವಂತನಾಗಿ ಕಾಣಿಸಿಕೊಂಡನೆಂದೂ ಇತ್ತು.

ಚೌರಪ್ಪನ ಕಣ್ಣು ತುಂಬಿ ಬಂತು.

ಪುಟದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯೊಂದಿತ್ತು. ಈ ಮೂರು ಮಾತುಗಳನ್ನು ಮುಂದೆ ಗ್ರಂಥವನ್ನು ನಕಲು ಮಾಡಿದ ಕ್ರೈಸ್ತರು ಯಾರೋ ಸೇರಿಸಿರಬೇಕೆಂದು ಹೆಚ್ಚಿನ ವಿದ್ವಾಂಸರು ಎಣಿಸುತ್ತಾರೆ ಎಂದು ಅದು ಹೇಳಿತು.

ಚೌರಪ್ಪ ಅದನ್ನೂ ಓದಿದ. ಆಮೇಲೆ ಆ ಸಾಲುಗಳನ್ನು ಕನ್ನಡಕ್ಕೆ ತಂದು, ಮುದ್ದಾದ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದ. ಟಿಪ್ಪಣಿಯನ್ನು ಬಿಟ್ಟ.

ವ್ರತದ ಹಿಂದಿನ ದಿನ ಮಧ್ಯಾಹ್ನ ರಾಯಪ್ಪ ಬಸ್ಸಿಳಿದರು. ಕೈಕಾಲು ತೊಳೆದು, ಮಜ್ಜಿಗೆ ಕುಡಿದು, ಜಗಲಿಯ ಮೇಲೆ ಕೂತರು. ಗುರುಗಳು ಪಕ್ಕದಲ್ಲೇ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು.

"ಎಲ್ಲಪ್ಪಾ ನಿನ್ನ ಸಾಕ್ಷಿ? ತಾ ನೋಡೋಣ."

ಚೌರಪ್ಪ ಹಾಳೆ ಕೊಟ್ಟ. ರಾಯಪ್ಪ ಕನ್ನಡಕ ಒರೆಸಿಕೊಂಡರು. ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದರು. ಕೊನೆಯ ಸಾಲಿನವರೆಗೆ ಹೋದರು. ಮತ್ತೆ ಮೊದಲಿಗೆ ಬಂದರು.

"ಅಕ್ಷರ ಚೆನ್ನಾಗಿದೆ. ಈ ಮನುಷ್ಯ ಕ್ರೈಸ್ತನಾ?"

"ಅಲ್ಲಪ್ಪ. ಯೆಹೂದ್ಯ."

"ಸಾಯೋವರೆಗೂ?"

"ಸಾಯುವವರೆಗೂ."

"ಹಂಗಾದ್ರೆ ಇವನೇ ಕ್ರಿಸ್ತ ಅಂತ ಹೆಂಗೆ ಬರೆದ? ಹಂಗೆ ಒಪ್ಪಿಕೊಂಡೋನು ಜ್ಞಾನಸ್ನಾನ ತಗೋಬೇಕಿತ್ತಲ್ಲ?"

ರಾಯಪ್ಪ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ನಮ್ಮೂರಲ್ಲಿ ಒಂದು ಕ್ರಯಪತ್ರ ಬಂದಿತ್ತು. ಗದ್ದೆ ಮಾರಿದೋನೇ, ಕೊಂಡೋನು ಬಹಳ ಧರ್ಮಾತ್ಮ, ಮಹಾನುಭಾವ ಅಂತ ಹೊಗಳಿದ್ದ. ಓದಿದ ತಕ್ಷಣ ಗೊತ್ತಾಯ್ತು, ಆ ಸಾಲು ಯಾರ ಕಡೆಯೋರು ತೂರಿಸಿದ್ದು ಅಂತ. ಇದೂ ಹಂಗೇ ಇದೆ." ರಾಯಪ್ಪ ಕನ್ನಡಕದ ಮೇಲಿಂದ ಮಗನನ್ನು ನೋಡಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು, ಅಪ್ಪ."

"ಗೊತ್ತಿದ್ದೂ ನನ್ನ ಮುಂದೆ ಇಟ್ಯಾ? ನಲವತ್ತು ವರ್ಷ ಪತ್ರ ಬರೆದೋನ ಮುಂದೆ?"

ರಾಯಪ್ಪ ಗುರುಗಳ ಕಡೆ ತಿರುಗಿದರು.

"ಯೇಸುಸ್ವಾಮಿ ಇದ್ದನೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ ಸ್ವಾಮಿಗಳೇ. ನನ್ನ ಮಗ ಸುಳ್ಳುಸಾಕ್ಷಿ ತರ್ತಾನೆ ಅನ್ನೋದಂತೂ ಗೊತ್ತಾಯ್ತು. ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ?"

"ಏಳೂವರೆಗೆ," ಎಂದರು ಗುರುಗಳು.

"ಬಟ್ಟೆ ಕಟ್ಟಿಕೊ ಚೌರಿ." ರಾಯಪ್ಪ ಹಾಳೆಯನ್ನು ಜಗಲಿಯ ಮೇಲಿಟ್ಟು, ನದಿಯ ಕಡೆಗೆ ನಡೆದುಬಿಟ್ಟರು.

ಚೌರಪ್ಪ ಗುರುಗಳ ಕಾಲ ಬಳಿ ಕುಸಿದ.

"ಯೇಸುವಿಗಾಗಿ ಮಾಡಿದೆ, ಸ್ವಾಮಿ."

"ಯೇಸುವಿನ ವಿಚಾರಣೆಯ ದಿನ ಸುಳ್ಳುಸಾಕ್ಷಿಗಳನ್ನು ಹುಡುಕಿದವರು ಯಾರು?"

ಚೌರಪ್ಪ ತಲೆ ಎತ್ತಲಿಲ್ಲ. "ಅವರ ವೈರಿಗಳು."

"ಶಿಷ್ಯರು ಹುಡುಕಿದರೇ?"

"ಇಲ್ಲ. ಅವರು ಓಡಿಹೋಗಿದ್ದರು."

"ಓಡಿಹೋದದ್ದೇ ವಾಸಿ," ಎಂದರು ಗುರುಗಳು. ಒಂದು ಹುರುಳಿಕಾಯಿ ಮುರಿದರು. "ಅಪ್ಪನಿಗೆ ಕೃತಜ್ಞತೆ ಹೇಳಿದೆಯಾ?"

"ಯಾವುದಕ್ಕೆ, ಸ್ವಾಮಿ? ನನ್ನ ವ್ರತವೇ ತಪ್ಪಿಹೋಯಿತು."

"ನಾವು ಯೇಸುವಿನ ಹೆಸರನ್ನು ದಿನಕ್ಕೆ ಏಳು ಸಲ ಹಾಡುತ್ತೇವೆ. ನಮ್ಮಲ್ಲಿ ಒಬ್ಬನಾದರೂ ಪದದ ಕೆಳಗೆ ಬೆರಳಿಟ್ಟು ಓದಿದ್ದೇವೆಯೇ? ಅವರು ಆರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಬಂದು ಓದಿದರು."

ಚೌರಪ್ಪ ಅಳುತ್ತಿದ್ದ. ಗುರುಗಳು ಅಳು ನಿಲ್ಲುವವರೆಗೆ ಕಾದರು. ಆಮೇಲೆ ಹಾಳೆಯನ್ನು ಅವನ ಮುಂದೆ ಸರಿಸಿದರು.

"ಪೆನ್ನು ತೆಗೆದುಕೊ. ಸೇರಿಸಿದ್ದಕ್ಕೆ ಗೀಟು ಹಾಕು."

ಚೌರಪ್ಪ ಮೂರು ಕಡೆ ಗೀಟು ಹಾಕಿದ.

"ಉಳಿದದ್ದನ್ನು ಓದು."

"ಯೇಸು ಎಂಬ ಒಬ್ಬ ಜ್ಞಾನಿ ಇದ್ದ. ಸತ್ಯವನ್ನು ಬಯಸುವವರಿಗೆ ಕಲಿಸುತ್ತಿದ್ದ. ಪಿಲಾತ ಅವನನ್ನು ಶಿಲುಬೆಗೇರಿಸಿದ." ಚೌರಪ್ಪ ತಡೆದ. "ಮೊದಲಿನಿಂದ ಅವನನ್ನು ಪ್ರೀತಿಸಿದವರು ಆಮೇಲೂ ಬಿಡಲಿಲ್ಲ."

"ಮತ್ತೊಮ್ಮೆ ಓದು. ಕೊನೆಯದು."

"ಪ್ರೀತಿಸಿದವರು ಆಮೇಲೂ ಬಿಡಲಿಲ್ಲ."

ಗುರುಗಳು ಕಣ್ಣು ಮುಚ್ಚಿಕೊಂಡರು. "ನಂಬದವನೊಬ್ಬ ನಮ್ಮ ಬಗ್ಗೆ ಹೀಗೆ ಬರೆದಿದ್ದಾನೆ. ನೀನು ಇದರ ಮೇಲೆ ಜರತಾರಿ ಹೊದಿಸಿ ಮುಚ್ಚಿಬಿಟ್ಟಿದ್ದೆ."

"ಪುನರುತ್ಥಾನಕ್ಕೆ ಗೀಟು ಬಿತ್ತಲ್ಲ, ಸ್ವಾಮಿ."

"ಅದಕ್ಕೆ ಹೊರಗಿನ ಸಾಕ್ಷಿ ಇದೆಯೇ?"

"ಇಲ್ಲ."

"ನೀನು ನಂಬುತ್ತೀಯಾ?"

"ನಂಬುತ್ತೇನೆ."

"ಎರಡನ್ನೂ ಬರೆ. ಬೇರೆ ಬೇರೆ ಸಾಲಿನಲ್ಲಿ."

ಚೌರಪ್ಪ ಬರೆದ. ಆಮೇಲೆ ಎದ್ದು ಒಳಗೆ ಹೋಗಿ, ಮೇಲಿಟ್ಟಿದ್ದ ರೋಮಿನವನ ಪುಸ್ತಕವನ್ನೂ ತಂದ. ಯಾರೂ ಹೇಳಿರಲಿಲ್ಲ.

ಸಂಜೆಯ ಪ್ರಾರ್ಥನೆಗೆ ಎಲ್ಲರೂ ಸೇರಿದರು. ರಾಯಪ್ಪ ಒಳಗೆ ಬರಲಿಲ್ಲ. ಪ್ರಾರ್ಥನಾಮಂದಿರದ ಹೊರಗಿನ ಕಟ್ಟೆಯ ಮೇಲೆ ಕೂತರು. ಆಶ್ರಮದಲ್ಲಿ ದಿನದ ಕೊನೆಗೆ ಗುರುಗಳು ಹೆಸರು ಹಿಡಿದು ವಂದನೆ ಸಲ್ಲಿಸುವ ರೂಢಿಯಿತ್ತು.

"ನಮ್ಮನ್ನು ಬೈದು, ಬೈಯುತ್ತಲೇ ನಮ್ಮ ಪ್ರಭುವಿನ ಸಾವನ್ನು ಬರೆದಿಟ್ಟ ಆ ರೋಮಿನವನಿಗಾಗಿ, ದೇವರೇ, ನಿನಗೆ ವಂದನೆ.

"ನಂಬದೆಯೂ ನ್ಯಾಯವಾಗಿ ನಾಲ್ಕು ಮಾತು ಬರೆದ ಆ ಯೆಹೂದ್ಯನಿಗಾಗಿ ವಂದನೆ.

"ಪ್ರೀತಿ ಹೆಚ್ಚಾಗಿ, ಬುದ್ಧಿ ಕಡಿಮೆಯಾಗಿ, ನಕಲು ಮಾಡುವಾಗ ಪರರ ಪತ್ರದಲ್ಲಿ ಕೈಯಾಡಿಸಿದ ನಮ್ಮ ಅಣ್ಣನನ್ನು ಕ್ಷಮಿಸು.

"ಅದನ್ನು ಕಂಡುಹಿಡಿದ ಅತಿಥಿಗಾಗಿ ವಂದನೆ. ಅವರನ್ನು ಇಲ್ಲಿಗೆ ಕಳಿಸಿದ್ದಕ್ಕೆ ಎರಡು ಸಲ ವಂದನೆ."

ಹೊರಗೆ ಯಾರೋ ಕೆಮ್ಮಿದ ಸದ್ದಾಯಿತು.

ಬೆಳಿಗ್ಗೆ ಏಳಕ್ಕೆ ರಾಯಪ್ಪ ಚೀಲ ಹಿಡಿದು ಗೇಟಿನ ಬಳಿ ನಿಂತಿದ್ದರು. ಚೌರಪ್ಪ ಬಟ್ಟೆಯ ಗಂಟಿನೊಂದಿಗೆ ಬಂದ. ಇನ್ನೊಂದು ಕೈಯಲ್ಲಿ ಹಾಳೆಯಿತ್ತು.

"ಇದನ್ನೊಂದು ನೋಡಿಬಿಡಿ, ಅಪ್ಪ. ಆಮೇಲೆ ಹೋಗೋಣ."

ರಾಯಪ್ಪ ನಿಂತಲ್ಲೇ ಓದಿದರು. ಗೀಟುಗಳನ್ನು ನೋಡಿದರು. ಹಾಳೆಯ ಕೆಳಗಡೆಗೆ ಬಂದಾಗ ಅವರ ಬೆರಳು ನಿಂತಿತು. ಅಲ್ಲಿ ಹೀಗಿತ್ತು: "ಮೇಲೆ ಮೂರು ಕಡೆ ಗೀಟು ಹಾಕಿದೆ. ಒಬ್ಬ ಸಾಕ್ಷಿಯನ್ನು ಹೊಸದಾಗಿ ಸೇರಿಸಿದೆ. ಮೊದಲು ಮುಚ್ಚಿಟ್ಟವನು ನಾನೇ. ಸಹಿ, ಚೌರಪ್ಪ."

"ಪತ್ರದ ಕೊನೆಗೆ ಹಿಂಗೆ ಬರೀಬೇಕು ಅಂತ ಯಾರು ಹೇಳಿಕೊಟ್ರು?"

"ಕಚೇರಿಯ ಮುಂದೆ ನಿಮ್ಮ ಪಕ್ಕದಲ್ಲಿ ಕೂತು ನೋಡಿದ್ದು, ಅಪ್ಪ."

ರಾಯಪ್ಪ ಮೂಗು ಒರೆಸಿಕೊಂಡರು. "ಈ ಬೈದಿದ್ದಾನಲ್ಲ ರೋಮಿನೋನು, ಇವನನ್ನ ನಿನ್ನೆ ಯಾಕೆ ತೋರಿಸಲಿಲ್ಲ?"

"ನಮ್ಮ ಧರ್ಮವನ್ನು ಬೈದಿದ್ದಾನೆ ಅಂತ..."

"ದಡ್ಡ! ಹೊಗಳಿದೋನ ಸಾಕ್ಷಿಗಿಂತ ಬೈದೋನ ಸಾಕ್ಷಿ ಗಟ್ಟಿ ಕಣೋ. ಇವನಿಗೆ ನಿಮ್ಮಿಂದ ಏನಾಗಬೇಕು? ಮೊದಲು ಇವನನ್ನೇ ಕರೀಬೇಕಿತ್ತು."

"ಆದರೆ ಅವನು ಬರೆದದ್ದು ಎಂಬತ್ತು ವರ್ಷ ಕಳೆದ ಮೇಲೆ. ಕ್ರೈಸ್ತರ ಬಾಯಿಂದಲೇ ಕೇಳಿ ಬರೆದಿರಬಹುದು ಎನ್ನುವವರಿದ್ದಾರೆ."

ರಾಯಪ್ಪ ಮಗನ ಮುಖ ನೋಡಿದರು. "ಸರಿ. ಈ ಯೆಹೂದ್ಯನದು? ತೂರಿಸೋಕೆ ಒಂದು ಮೂಲಪತ್ರ ಇರಲೇಬೇಕಲ್ಲ. ಹೊಗಳಿಕೆ ಸೇರಿಸಿದ್ದಾರೆ ಅಂದ್ರೆ, ಸೇರಿಸೋಕೆ ಮೊದಲು ಅಲ್ಲಿ ಏನೋ ಇತ್ತು."

ಈ ಮಾತು ಚೌರಪ್ಪನಿಗೆ ಅನುಕೂಲವಾಗಿತ್ತು. ಬಸ್ಸಿನ ಸದ್ದು ದೂರದಲ್ಲಿ ಕೇಳಿಸುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು.

"ಇಡೀ ಭಾಗವೇ ಸೇರಿಸಿದ್ದು ಎನ್ನುವ ವಿದ್ವಾಂಸರೂ ಇದ್ದಾರೆ, ಅಪ್ಪ. ಕೆಲವರೇ. ಆದರೂ ಇದ್ದಾರೆ."

ಬಸ್ಸು ಬಂತು. ಕಂಡಕ್ಟರ್ ಸೀಟಿ ಹೊಡೆದ. "ಹತ್ತೀರಾ ಯಜಮಾನ್ರೇ?"

ರಾಯಪ್ಪ ಮಗನನ್ನೇ ನೋಡುತ್ತಿದ್ದರು. "ಹೋಗಪ್ಪಾ ನೀನು," ಎಂದು ಕೈ ಬೀಸಿದರು.

ಬಸ್ಸು ಹೋಯಿತು.

"ಯಾಕಪ್ಪ?"

"ತನಗೆ ನಷ್ಟ ಆಗೋ ಮಾತನ್ನ ತಾನಾಗೇ ಹೇಳೋ ಕಕ್ಷಿದಾರರನ್ನ ನಲವತ್ತು ವರ್ಷದಲ್ಲಿ ಇಬ್ಬರನ್ನೋ ಮೂವರನ್ನೋ ನೋಡಿದ್ದೆ. ನಿನ್ನಮ್ಮ ಇದ್ದಿದ್ರೆ..." ರಾಯಪ್ಪ ಮಾತು ಮುಗಿಸಲಿಲ್ಲ. ಮಗನ ಗಂಟನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು.

ಒಂಬತ್ತು ಗಂಟೆಗೆ ಪ್ರಾರ್ಥನಾಮಂದಿರದಲ್ಲಿ ಗುರುಗಳು ಅಂಗೈ ಚಾಚಿ ನಿಂತರು. ರಾಯಪ್ಪ ನಾಲ್ಕು ವರ್ಷದ ಮೇಲೆ ಬಲಿಪೀಠದ ಮುಂದೆ ಬಂದಿದ್ದರು. ಒಂದು ಕೈಯಲ್ಲಿ ಮಗನ ಕೈ. ಇನ್ನೊಂದರಲ್ಲಿ ಆ ಹಾಳೆ.

"ಸ್ವಾಮಿಗಳೇ, ಒಂದು ತೊಡಕಿದೆ."

"ಹೇಳಿ, ರಾಯಪ್ಪನವರೇ."

"ಇದು ದಾನಪತ್ರ. ದಾನ ತಗೊಳ್ಳೋನು ಬದುಕಿರಬೇಕು. ಒಬ್ಬ ಇದ್ದ, ಅವನನ್ನ ಕೊಂದರು. ಇಷ್ಟಕ್ಕೆ ಸಾಕ್ಷಿ ಇದೆ, ಒಪ್ಪಿದೆ. ಈಗ ಇದ್ದಾನಾ? ಅದಕ್ಕೆ ಈ ಹಾಳೆಯಲ್ಲಿ ಸಾಕ್ಷಿ ಇಲ್ಲ."

"ಇಲ್ಲ," ಎಂದರು ಗುರುಗಳು.

"ನೀವೂ ಇಲ್ಲ ಅಂತೀರಲ್ಲ!"

"ನಾನು ನಂಬುತ್ತೇನೆ. ಅದು ನಿಮಗೆ ಸಾಕ್ಷಿಯಾಗುವುದಿಲ್ಲ."

ಗುರುಗಳ ಅಂಗೈ ಚಾಚಿದಂತೆಯೇ ಇತ್ತು.

ರಾಯಪ್ಪ ಆ ಅಂಗೈಯನ್ನು ನೋಡಿದರು. ಆಮೇಲೆ ಮಗನ ಬಲಗೈಯನ್ನು ಅದರಲ್ಲಿಟ್ಟರು.

"ಸುಳ್ಳು ಹೇಳದ ಜಾಗ ಇದು. ಯೇಸುಸ್ವಾಮಿಗೆ ಕೊಟ್ಟೆ," ಎಂದರು. "ಇಂಥ ಮಗನನ್ನ ನನಗೆ ಕೊಟ್ಟೋನು ಯಾರೋ, ಅವನಿಗೆ ನನ್ನದೂ ಒಂದು ವಂದನೆ ಸೇರಿಸಿಬಿಡಿ."

ಆಮೇಲೆ ಅವರು ಜೇಬಿನಿಂದ ಪೆನ್ನು ತೆಗೆದರು. ಹಾಳೆಯ ಕೆಳಗೆ, ಚೌರಪ್ಪನ ಸಹಿಯಾದ ಮೇಲೆ, ಅರ್ಧ ಪುಟ ಬಿಳಿಯಾಗಿಯೇ ಉಳಿದಿತ್ತು.

"ಪತ್ರದಲ್ಲಿ ಖಾಲಿ ಜಾಗ ಬಿಡಬಾರದು, ಸ್ವಾಮಿಗಳೇ. ಅಡ್ಡಗೆರೆ ಎಳೆದುಬಿಡ್ತೀವಿ. ಇಲ್ಲದಿದ್ರೆ ನಾಳೆ ಯಾರಾದರೂ ಏನಾದರೂ ಬರೆದುಕೊಳ್ತಾರೆ."

ಗುರುಗಳು ಅವರ ಪೆನ್ನಿನ ಮೇಲೆ ಮೆಲ್ಲಗೆ ಕೈಯಿಟ್ಟರು.

"ಈಗ ಇದ್ದಾನಾ ಎಂದು ಕೇಳಿದಿರಲ್ಲ, ಅದು ಆ ಉತ್ತರದ ಜಾಗ. ಅಲ್ಲಿ ಏನನ್ನೂ ಬರೆಯುವುದು ಬೇಡ, ರಾಯಪ್ಪನವರೇ. ಗೆರೆಯನ್ನೂ ಎಳೆಯುವುದು ಬೇಡ."