ಬರೀ ಪೆಟ್ರೋಲು

"ಬುದ್ಧಿ, ಮನೆಯಲ್ಲಿದ್ದಾಗ ನನಗೆ ಸಿಟ್ಟು ಬರುತ್ತಿರಲಿಲ್ಲ. ಮಠಕ್ಕೆ ಬಂದ ಮೇಲೆ ಬರುತ್ತಿದೆ. ಯಾಕೆ ಹೀಗೆ?" ಎಂದು ಹಾಲೇಶ ಗುರುಗಳನ್ನು ಕೇಳಿದ.

ಅಂದು ದಾಸೋಹದ ಮನೆಯಲ್ಲಿ ಒಬ್ಬ ಮುದುಕ ಮತ್ತೊಮ್ಮೆ ಅನ್ನಕ್ಕೆ ತಟ್ಟೆ ಚಾಚಿದ್ದ. ಬಡಿಸುತ್ತಿದ್ದ ಹಾಲೇಶ ಎಲ್ಲರ ಎದುರಿಗೆ ಅವನನ್ನು ಗದರಿಸಿದ್ದ. ಮುದುಕ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗಿದ್ದ. ಆಮೇಲೆ ಹಾಲೇಶನಿಗೆ ಊಟ ಸೇರಲಿಲ್ಲ.

ಅವನು ಸಂಸಾರ ಬಿಟ್ಟು ಮಠ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಊರಿನಲ್ಲಿ ಸಮಾಧಾನದ ಮನುಷ್ಯ ಎಂದು ಹೆಸರಾದವನು. ಯಾರ ಮನೆಯಲ್ಲಿ ಜಗಳವಾದರೂ ಬಿಡಿಸಲು ಅವನನ್ನೇ ಕರೆಯುತ್ತಿದ್ದರು. ಎಲ್ಲವನ್ನೂ ಬಿಟ್ಟು ಬಂದರೆ ಮನಸ್ಸು ಇನ್ನಷ್ಟು ಹಗುರವಾಗಬೇಕಿತ್ತು, ಆಗಲಿಲ್ಲ, ಬಿಟ್ಟು ಬಂದದ್ದೇ ತಪ್ಪಾಯಿತೇನೋ ಎಂದು ಅವನು ಹೇಳಿಕೊಂಡ.

ಗುರುಗಳು ಹೇಳತೊಡಗಿದರು.

ನಮ್ಮ ಮಠಕ್ಕೆ ನಡೆದುಕೊಳ್ಳುವ ಒಬ್ಬ ಗ್ರಾನೈಟ್ ವ್ಯಾಪಾರಿ ಇದ್ದಾನೆ. ಇದು ಅವನ ಕತೆ. ಅವನೇ ನನಗೆ ಹೇಳಿದ್ದು.

ಅವನಿಗೆ ಕಾರುಗಳ ಹುಚ್ಚು. ಒಬ್ಬ ಹೋಟೆಲ್ ಮಾಲೀಕನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದ. ಹೊರದೇಶದ್ದು. ಎರಡೇ ಬಾಗಿಲು, ನೆಲಕ್ಕೆ ಹತ್ತಿರವಾದ ಮೈ. ಅದರ ಇಂಜಿನ್ ಬೇರೆ ಕಾರುಗಳ ಹಾಗಲ್ಲ. ಬೇರೆಯವುಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಇದರಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ಒಂದು ರೋಟರ್ ಕವಚದೊಳಗೆ ಗಿರಗಿರನೆ ಸುತ್ತುತ್ತದೆ. ಅದಕ್ಕೇ ರೋಟರಿ ಇಂಜಿನ್ ಅನ್ನುತ್ತಾರೆ. ಮೂರು ಮೂಲೆಗಳಿಗೂ ತೆಳುವಾದ ಪಟ್ಟಿಗಳಿವೆ. ಅವು ಕವಚದ ಒಳಮೈಯನ್ನು ಸದಾ ಉಜ್ಜುತ್ತಿರುತ್ತವೆ. ಆದ್ದರಿಂದ ಅಲ್ಲಿಗೆ ಆಯಿಲ್ ಹನಿ ಹನಿಯಾಗಿ ಹೋಗುತ್ತಲೇ ಇರಬೇಕು. ಆ ಕೆಲಸಕ್ಕೆಂದು ಇಂಜಿನ್ನಿನ ಮಗ್ಗುಲಲ್ಲಿ ಒಂದು ಸಣ್ಣ ಪಂಪು ಇತ್ತು. ಕಾರು ಓಡುವಷ್ಟು ಹೊತ್ತೂ ಅದು ತನ್ನಷ್ಟಕ್ಕೆ ಆಯಿಲ್ ಕೊಡುತ್ತಿತ್ತು. ಓಡಿಸುವವನು ಅದನ್ನು ನೆನೆಯಬೇಕಾಗಿಯೂ ಇರಲಿಲ್ಲ.

ಪಕ್ಕದ ರಾಜ್ಯದಲ್ಲಿ ಒಂದು ರೇಸ್ ಟ್ರ್ಯಾಕ್ ಇದೆ. ಒಂದು ಕ್ಲಬ್ಬಿನವರು ಅಲ್ಲಿ ಆಗಾಗ ರೇಸ್ ನಡೆಸುತ್ತಾರೆ. ಓಡಿಸುವವರು ಯಾರೂ ಅದನ್ನೇ ಕಸುಬು ಮಾಡಿಕೊಂಡವರಲ್ಲ. ಡಾಕ್ಟರು, ಅಂಗಡಿಯವರು, ಕಾಲೇಜಿನ ಮೇಷ್ಟರು ಇಂಥವರು. ಗೆದ್ದವನಿಗೆ ಒಂದು ಟ್ರೋಫಿ, ಎಲ್ಲರಿಗೂ ಊಟ. ವ್ಯಾಪಾರಿ ಒಮ್ಮೆ ನೋಡಲು ಹೋದವನು, ತನ್ನ ಕಾರನ್ನೂ ಅಲ್ಲಿ ಓಡಿಸಬೇಕು ಎಂದುಕೊಂಡು ಮರಳಿದ.

ರಸ್ತೆಯ ಕಾರನ್ನು ಹಾಗೆಯೇ ತೆಗೆದುಕೊಂಡು ಹೋಗಿ ರೇಸಿನಲ್ಲಿ ಓಡಿಸಲು ಆಗುವುದಿಲ್ಲ. ಬೇಡದ ಭಾರ ಇಳಿಸಬೇಕು. ಉರುಳಿ ಬಿದ್ದರೆ ಜೀವ ಉಳಿಯುವ ಹಾಗೆ ಒಳಗೆ ಉಕ್ಕಿನ ಪೈಪುಗಳ ಪಂಜರ ಕಟ್ಟಬೇಕು. ವ್ಯಾಪಾರಿ ಭಾನುವಾರಗಳನ್ನು ಈ ಕೆಲಸಕ್ಕೆ ಇಟ್ಟುಕೊಂಡ. ಅವನ ಹೆಂಡತಿಯ ತಮ್ಮ ಓಂಕಾರಪ್ಪ ಜೊತೆಗೆ ಬರುತ್ತಿದ್ದ. ಅವನದು ವ್ಯಾಪಾರಿಯ ಊರಿನಲ್ಲೇ ಜವಳಿ ಅಂಗಡಿ. ಇಂಜಿನ್ನಿನ ವಿಷಯ ಅವನಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಭಾವನ ಜೊತೆ ಕೂತು ಕೆಲಸ ಮಾಡುವುದು ಅವನಿಗೆ ಇಷ್ಟವಾಗಿತ್ತು, ಅಷ್ಟೆ.

ಇಬ್ಬರೂ ಸೇರಿ ಒಳಗಿನ ಕಾರ್ಪೆಟ್ಟು ಕಿತ್ತರು. ರೇಡಿಯೋ, ಏಸಿ, ಹಿಂದಿನ ಸೀಟು ತೆಗೆದರು. ಮುಂದಿನ ಪಕ್ಕದ ಸೀಟು ಬಿಚ್ಚುವಾಗ ಓಂಕಾರಪ್ಪ ನಕ್ಕ. ಅದು ಅಲ್ಲಿಯತನಕ ಅವನು ಕೂರುತ್ತಿದ್ದ ಸೀಟು. ನನ್ನ ಜಾಗ ಹೋಯಿತಲ್ಲ ಎಂದು ತಮಾಷೆ ಮಾಡುತ್ತಲೇ ಬೋಲ್ಟು ಸಡಿಲಿಸಿದ. ಒಂದೊಂದನ್ನು ಇಳಿಸಿದಾಗಲೂ ಕಾರು ಹಗುರವಾಗುತ್ತಿತ್ತು. ವ್ಯಾಪಾರಿಗೆ ಅದರಿಂದ ಸಂತೋಷವಾಗುತ್ತಿತ್ತು. ಇನ್ನೇನು ತೆಗೆಯಬಹುದು ಎಂದು ಹುಡುಕುತ್ತಿದ್ದ.

ಕೊನೆಗೆ ಆಯಿಲ್ ಪಂಪನ್ನೂ ತೆಗೆದ. ಹಾಗೆ ತೆಗೆದದ್ದು ತಪ್ಪಲ್ಲ. ಅದರ ಪೈಪುಗಳು ಹಳತಾಗಿ ಬಿರಿಯತೊಡಗಿದ್ದವು. ರೇಸಿನ ವೇಗಕ್ಕೆ ಅದು ಕೊಡುವ ಆಯಿಲ್ ಸಾಲುವ ಭರವಸೆಯೂ ಇರಲಿಲ್ಲ. ಈ ಇಂಜಿನ್ ಓಡಿಸುವ ಬಹಳ ಜನ ಹಾಗೆಯೇ ಮಾಡುತ್ತಾರೆ. ಪಂಪು ತೆಗೆದು, ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಹಿಂದೆ ಸ್ಕೂಟರುಗಳಿಗೆ ಬೆರೆಸುತ್ತಿದ್ದರಲ್ಲ, ಹಾಗೆ. ಆದರೆ ಪೆಟ್ರೋಲು ತುಂಬಿಸುವಾಗಲೆಲ್ಲ ನೆನಪಿಟ್ಟು ಬೆರೆಸಬೇಕು.

ಮೊದಲ ದಿನ ಅಳತೆಯ ಲೋಟ ಓಂಕಾರಪ್ಪನ ಕೈಯಲ್ಲಿತ್ತು. ಅಂದಿನಿಂದ ಆ ಕೆಲಸ ಅವನದಾಯಿತು. ಹಾಗೆಂದು ಯಾರೂ ಗೊತ್ತು ಮಾಡಿರಲಿಲ್ಲ. ವ್ಯಾಪಾರಿ ಟೈರು ನೋಡುತ್ತಿದ್ದ, ಬೋಲ್ಟುಗಳನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದ, ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ. ಅಷ್ಟರಲ್ಲಿ ಓಂಕಾರಪ್ಪ ಕ್ಯಾನಿನಲ್ಲಿ ಆಯಿಲ್ ಹಾಕಿ, ಕುಲುಕಿ, ಟ್ಯಾಂಕಿಗೆ ಸುರಿದು, ಕೈ ಒರೆಸಿಕೊಂಡು ಪಕ್ಕಕ್ಕೆ ನಿಂತಿರುತ್ತಿದ್ದ.

ಕಾರು ಚೆನ್ನಾಗಿ ಓಡಿತು. ಮೊದಲ ಸಲ ವ್ಯಾಪಾರಿ ಹಿಂದೆ ಉಳಿದ. ಆಮೇಲೆ ನಡುವಿಗೆ ಬಂದ. ಒಂದು ಸಲ ಮುಂದಿನ ಸಾಲಿನವರ ಜೊತೆಗೇ ಮುಗಿಸಿದ. ಬೇರೆಯವರ ಕಾರುಗಳು ನಡುವೆ ಕೆಟ್ಟು ನಿಲ್ಲುತ್ತಿದ್ದವು. ಅವನದು ನಿಲ್ಲುತ್ತಿರಲಿಲ್ಲ. ಈ ಇಂಜಿನ್ನನ್ನು ಇಷ್ಟು ಕಾಲ ಕಾಪಾಡಿಕೊಂಡು ಬರುವುದು ಸುಲಭವಲ್ಲ ಎಂದು ಕ್ಲಬ್ಬಿನವರು ಹೊಗಳಿದರು. ಎಚ್ಚರದ ಮನುಷ್ಯ ಎಂದರು. ವ್ಯಾಪಾರಿಗೂ ತನ್ನ ಬಗ್ಗೆ ಹಾಗೆಯೇ ಅನಿಸಿತು.

ಒಂದು ದಿನ ಪ್ರಾಕ್ಟೀಸಿಗೆಂದು ಟ್ರ್ಯಾಕಿಗೆ ಹೋಗಿದ್ದರು. ಟ್ರ್ಯಾಕು ಖಾಲಿ ಇತ್ತು. ಓಂಕಾರಪ್ಪ ತಾನೂ ಒಂದು ಸುತ್ತು ಓಡಿಸಿ ನೋಡಲೇ ಎಂದು ಕೇಳಿದ. ಅಷ್ಟು ದಿನದಲ್ಲಿ ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಕ್ಲಬ್ಬಿನ ಇನ್ನಿಬ್ಬರು ಅಲ್ಲೇ ನಿಂತಿದ್ದರು.

"ಬೇಡ ಓಂಕಾರಪ್ಪ. ಇದಕ್ಕೆ ಎಚ್ಚರ ಬೇಕು. ನಿನಗೆ ಅಷ್ಟು ಎಚ್ಚರ ಸಾಲದು" ಎಂದ ವ್ಯಾಪಾರಿ.

ಓಂಕಾರಪ್ಪ ಅಂದೂ ಪೆಟ್ರೋಲು ಬೆರೆಸಿದ, ಕಾರನ್ನು ಲಾರಿಗೆ ಹತ್ತಿಸಲು ಕೈ ಹಚ್ಚಿದ, ದಾರಿಯುದ್ದಕ್ಕೂ ಅಂಗಡಿಯ ವಿಷಯ ಮಾತಾಡಿದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ತಮ್ಮ ಯಾಕೆ ಈ ಕಡೆ ಕಾಣಿಸುತ್ತಿಲ್ಲ ಎಂದು ಹೆಂಡತಿ ಕೇಳಿದಳು. ಮದುವೆಯ ಸೀಸನ್ನು, ಅಂಗಡಿಯಲ್ಲಿ ಕೆಲಸವಿರಬೇಕು ಎಂದ ವ್ಯಾಪಾರಿ. ಕಾರಣ ಅವನಿಗೆ ತಿಳಿದಿತ್ತು. ಅಷ್ಟಕ್ಕೇ ಬೇಸರ ಮಾಡಿಕೊಂಡರೆ ತಾನೇನು ಮಾಡಲಿ ಎಂದುಕೊಂಡ. ಹೋಗಿ ಕರೆಯಲಿಲ್ಲ.

ಆ ಸಲದ ರೇಸಿಗೆ ಅವನು ಒಬ್ಬನೇ ಹೋದ. ಶನಿವಾರ ಪ್ರಾಕ್ಟೀಸು, ಭಾನುವಾರ ರೇಸು. ಎಲ್ಲವನ್ನೂ ತಾನೇ ನೋಡಿಕೊಂಡ. ಟೈರಿನ ಗಾಳಿ ಅಳೆದ. ಬೋಲ್ಟುಗಳನ್ನು ಬಿಗಿ ಮಾಡಿದ. ಕ್ಯಾನು ಎತ್ತಿ ಟ್ಯಾಂಕಿಗೆ ಪೆಟ್ರೋಲು ಸುರಿದ. ಕಾರು ಹಿಂದೆಂದಿಗಿಂತ ಚುರುಕಾಗಿ ಓಡಿತು. ಸಾಮಾನ್ಯವಾಗಿ ಅದರ ಹಿಂದೆ ತೆಳುವಾದ ನೀಲಿ ಹೊಗೆ ಇರುತ್ತಿತ್ತು. ಆ ದಿನ ಇರಲಿಲ್ಲ. ಹಿಂದೆ ಬರುತ್ತಿದ್ದ ಒಬ್ಬ ಡಾಕ್ಟರು, ನಿಮ್ಮ ಇಂಜಿನ್ ಇವತ್ತು ಬಹಳ ಶುದ್ಧವಾಗಿ ಉರಿಯುತ್ತಿದೆ ಎಂದು ಮೆಚ್ಚಿಕೊಂಡರು. ವ್ಯಾಪಾರಿಗೆ ಹೆಮ್ಮೆಯಾಯಿತು. ಒಬ್ಬನೇ ಬಂದರೂ ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ ಎಂದುಕೊಂಡ.

ಭಾನುವಾರ ಬಿಸಿಲು ಜೋರಾಗಿತ್ತು. ರೇಸು ಶುರುವಾದಾಗ ಅವನು ಮುಂದಿನವರಲ್ಲಿ ಒಬ್ಬನಾಗಿದ್ದ. ನಂತರ ಒಬ್ಬೊಬ್ಬರನ್ನೇ ದಾಟಿದ. ಎಲ್ಲರಿಗಿಂತ ಮುಂದೆ ಬಂದ. ಅವನ ಬದುಕಿನಲ್ಲಿ ಮೊದಲ ಬಾರಿಗೆ ಎದುರಿಗೆ ಬೇರೆ ಕಾರು ಇರಲಿಲ್ಲ, ಖಾಲಿ ದಾರಿ ಇತ್ತು. ಅದನ್ನು ಹೇಳುವಾಗ ಈಗಲೂ ಅವನ ದನಿ ಬದಲಾಗುತ್ತದೆ.

ಆಗ ಇಂಜಿನ್ ಬಲ ಕಳೆದುಕೊಂಡಿತು. ದೊಡ್ಡ ಸದ್ದೇನೂ ಆಗಲಿಲ್ಲ. ಆಕ್ಸಿಲರೇಟರ್ ಒತ್ತಿದರೂ ಕಾರು ವೇಗ ಹಿಡಿಯಲಿಲ್ಲ. ಹಿಂದಿನವರು ಒಬ್ಬೊಬ್ಬರಾಗಿ ದಾಟಿ ಹೋದರು. ಅವನು ಕಾರನ್ನು ಹುಲ್ಲಿಗೆ ಇಳಿಸಿ ನಿಲ್ಲಿಸಿದ.

ಕಾರನ್ನು ಎಳೆದು ತಂದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದ. ಒಂದು ಬಟ್ಟೆಗೆ ಪೆಟ್ರೋಲು ತಾಗಿಸಿ ಬೆರಳಲ್ಲಿ ಉಜ್ಜಿ ನೋಡಿದ. ಜಿಡ್ಡೇ ಇರಲಿಲ್ಲ. ಬರೀ ಪೆಟ್ರೋಲು. ಅವನಿಗೆ ಕೋಪ ಉಕ್ಕಿತು. ಇದನ್ನು ಮರೆತವರು ಯಾರು ಎಂದು ಬೈಯಲು ಬಾಯಿ ತೆರೆದ, ಹಿಂದಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಆಗ ಅವನಿಗೆ ಒಂದು ಮಾತು ಹೊಳೆಯಿತು. ಪಂಪು ತೆಗೆದ ದಿನದಿಂದ ಅಂದಿನವರೆಗೆ ಆ ಟ್ಯಾಂಕಿಗೆ ತಾನು ಒಮ್ಮೆಯೂ ಆಯಿಲ್ ಹಾಕಿರಲಿಲ್ಲ. ಹಾಕಬೇಕೆಂಬುದು ಓಂಕಾರಪ್ಪನಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಗೊತ್ತಿದ್ದರೆ ಸಾಕು, ಮಾಡಿದ ಹಾಗೆಯೇ ಎಂದು ಅವನು ತಿಳಿದಿದ್ದ.

ಊರಿಗೆ ಬಂದು ಇಂಜಿನ್ ಬಿಚ್ಚಿದ. ಪಟ್ಟಿಗಳು ಸವೆದಿದ್ದವು, ಒಂದು ತುಂಡಾಗಿತ್ತು. ಕವಚದ ತುಂಬ ಗೀರು. ಆ ಕವಚ ನಮ್ಮ ದೇಶದಲ್ಲಿ ಸಿಗುವಂಥದ್ದಲ್ಲ. ಅವನು ಕೈ ತೊಳೆದುಕೊಂಡು ಜವಳಿ ಅಂಗಡಿಗೆ ಹೋದ. ಓಂಕಾರಪ್ಪ ಯಾರಿಗೋ ಸೀರೆ ಬಿಡಿಸಿ ತೋರಿಸುತ್ತಿದ್ದ. ಭಾವನನ್ನು ಕಂಡು ಎದ್ದು ನಿಂತ, ಕುರ್ಚಿ ಹಾಕಿಸಿದ. ಗಿರಾಕಿಗಳು ಹೋಗುವ ತನಕ ವ್ಯಾಪಾರಿ ಕಾದು ಕೂತ.

"ಇಂಜಿನ್ ಹೋಯಿತು. ನಾನು ಆಯಿಲ್ ಬೆರೆಸಲಿಲ್ಲ" ಎಂದ.

ಓಂಕಾರಪ್ಪನ ಮುಖ ಸಣ್ಣದಾಯಿತು. "ಒಂದು ಫೋನ್ ಮಾಡಿ ನೆನಪು ಮಾಡಬೇಕಿತ್ತು ನಾನು. ಶನಿವಾರ ಅಂಗಡಿಯಲ್ಲಿ ಕೂತಾಗ ಅನಿಸಿತ್ತು ಭಾವ. ಆದರೆ ನಿಮಗೆ ಎಚ್ಚರ ಹೇಳೋದು ಹೇಗೆ ಅಂತ ಸುಮ್ಮನಾದೆ."

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅವನು ನಿಜವಾಗಿ ನೊಂದು ಹೇಳಿದ್ದ. ವ್ಯಾಪಾರಿ ಅಲ್ಲೇ, ಸೀರೆಗಳ ರಾಶಿಯ ಎದುರು ಕೂತು ಅತ್ತ. ಇಂಜಿನ್ ಹೋದದ್ದಕ್ಕೆ ಅಲ್ಲ ಎಂದು ನನ್ನ ಹತ್ತಿರ ಹೇಳಿದ.

ಹೊಸ ಕವಚ ಹೊರದೇಶದಿಂದ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಓಂಕಾರಪ್ಪ ಮತ್ತೆ ಭಾನುವಾರಗಳಂದು ಬರತೊಡಗಿದ. ಇಬ್ಬರೂ ಸೇರಿ ಇಂಜಿನ್ ಜೋಡಿಸಿದರು. ಹಳೆಯ ಪಂಪನ್ನು ಮತ್ತೆ ಹಾಕಿಬಿಡೋಣವೇ ಎಂದು ಓಂಕಾರಪ್ಪ ಕೇಳಿದ. ಬೇಡ ಎಂದ ವ್ಯಾಪಾರಿ. ಇನ್ನು ಮೇಲೆ ತಾನೇ ಬೆರೆಸುತ್ತೇನೆ ಎಂದ.

ಕಾರು ಸಿದ್ಧವಾದ ಮೇಲಿನ ಮೊದಲ ರೇಸಿಗೆ ಅವನು ಓಂಕಾರಪ್ಪನನ್ನೇ ಸೀಟಿನಲ್ಲಿ ಕೂರಿಸಿದ. ಓಂಕಾರಪ್ಪ ಒಂದು ತಿರುವಿನಲ್ಲಿ ಗಿರಕಿ ಹೊಡೆದು ಹುಲ್ಲಿಗೆ ಹೋಗಿ, ಮತ್ತೆ ದಾರಿಗೆ ಬಂದು, ಎಲ್ಲರಿಗಿಂತ ಕೊನೆಯಲ್ಲಿ ಮುಗಿಸಿದ. ಇಳಿದಾಗ ಬೆವರಿನಲ್ಲಿ ತೊಯ್ದಿದ್ದ, ನಗುತ್ತಿದ್ದ. ಒಳಗೆ ಒಲೆಯ ಹಾಗೆ ಕಾಯುತ್ತದೆ, ಇದು ನನಗಲ್ಲ, ನೀವೇ ಓಡಿಸಿ ಎಂದ. ಅಲ್ಲಿಂದ ಮುಂದೆ ವ್ಯಾಪಾರಿಯೇ ಓಡಿಸುತ್ತಾನೆ. ಬೆರೆಸುವವನೂ ಅವನೇ. ಓಂಕಾರಪ್ಪ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಾನೆ.

ಬೆರೆಸುವುದು ಇಷ್ಟು ಕಷ್ಟವೆಂದು ವ್ಯಾಪಾರಿಗೆ ಗೊತ್ತಿರಲಿಲ್ಲವಂತೆ. ಕೆಲಸ ಸಣ್ಣದು. ಆದರೆ ಇವತ್ತಿಗೂ ಎಷ್ಟೋ ಸಲ ಬರೀ ಪೆಟ್ರೋಲಿನ ಕ್ಯಾನನ್ನೇ ಟ್ಯಾಂಕಿನ ಬಾಯಿಗೆ ಒಯ್ದು, ತಟ್ಟನೆ ನಿಲ್ಲುತ್ತಾನಂತೆ. ಕ್ಲಬ್ಬಿಗೆ ಹೊಸದಾಗಿ ಬಂದವರು ಅವನನ್ನು ಎಚ್ಚರದ ಮನುಷ್ಯ ಎಂದರೆ, ಕಲಿಯುತ್ತಿದ್ದೇನೆ ಎನ್ನುತ್ತಾನೆ.

ಗುರುಗಳು ಕತೆ ಮುಗಿಸಿದರು.

"ಆ ವ್ಯಾಪಾರಿ ತನ್ನನ್ನು ತಾನು ತಪ್ಪು ತಿಳಿದಿದ್ದ, ನಿಜ. ನನ್ನದು ಹಾಗಲ್ಲ ಬುದ್ಧಿ. ಮನೆಯಲ್ಲಿ ನಾನು ನಿಜವಾಗಿಯೂ ಶಾಂತನಾಗಿದ್ದೆ" ಎಂದ ಹಾಲೇಶ.

"ಶಾಂತನಾಗಿದ್ದೆಯೋ, ಯಾರಾದರೂ ನಿನ್ನನ್ನು ಶಾಂತನಾಗಿ ಇಟ್ಟಿದ್ದರೋ?" ಎಂದರು ಗುರುಗಳು.

ಮನೆಯಲ್ಲಿ ತಾನು ಕೇಳುವ ಮೊದಲೇ ತಟ್ಟೆಗೆ ಅನ್ನ ಬಡಿಸುತ್ತಿದ್ದ ಹೆಂಡತಿ ಹಾಲೇಶನಿಗೆ ನೆನಪಾದಳು.